ಕಂಬಳಿಯ ಮೇಲಿನ ರೈಲು: ಡಿಜಿಟಲ್ ಸ್ಟಾರ್ಟರ್ ಸೆಟ್ ಏಕೆ ತಡವರಿಸುತ್ತದೆ?

ಓದುಗರ ಪ್ರಶ್ನೆ: ನಾನು ದಾವಣಗೆರೆಯ ಬ್ಯಾಂಕ್ ಉದ್ಯೋಗಿ. ಜರ್ಮನಿಯಲ್ಲಿರುವ ನನ್ನ ಭಾವಮೈದುನ ಈ ಬೇಸಿಗೆಯಲ್ಲಿ ಬಂದಾಗ ನನ್ನ 11 ವರ್ಷದ ಮಗಳಿಗೆ ಎಚ್‌ಓ ಅಳತೆಯ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು), ಎರಡು ಹಳಿಯ ಡಿಜಿಟಲ್ ಮಾದರಿ ರೈಲಿನ ಸ್ಟಾರ್ಟರ್ ಸೆಟ್ ತಂದುಕೊಟ್ಟಿದ್ದಾನೆ. ಒಂದು ಎಂಜಿನ್, ಮೂರು ಬೋಗಿ, ಅಂಡಾಕಾರಕ್ಕೆ ಬೇಕಾದಷ್ಟು ಹಳಿ, ಕೈಯಲ್ಲಿ ಹಿಡಿಯುವ ನಿಯಂತ್ರಕ ಅದರಲ್ಲಿವೆ. ಸದ್ದು ಕಡಿಮೆಯಾಗಲೆಂದು ಪಡಸಾಲೆಯಲ್ಲಿ ಚಳ್ಳಕೆರೆ ಕಂಬಳಿ ಹಾಸಿ ಅದರ ಮೇಲೆ ಹಳಿ ಜೋಡಿಸುತ್ತೇವೆ. ಮೊದಲ ವಾರ ಚೆನ್ನಾಗಿ ಓಡಿತು. ಈಗ ತಂತಿ ಜೋಡಿಸಿರುವ ಜಾಗಕ್ಕೆ ಎದುರು ಬದಿಯಲ್ಲಿ ಎಂಜಿನ್ ತಡವರಿಸಿ ನಿಲ್ಲುತ್ತದೆ, ದೀಪ ಮಿಣುಕುತ್ತದೆ. ಗೆಳೆಯರೊಬ್ಬರು ಕೊಟ್ಟ ಹಳೆಯ ಎಂಜಿನ್ ಅನ್ನು ಅದೇ ಹಳಿಯ ಮೇಲಿಟ್ಟಾಗ ಅದು ಓಡದೆ ಗುಂಯ್‌ಗುಟ್ಟಿತು, ಮುಟ್ಟಿದರೆ ಬಿಸಿಯಾಗಿತ್ತು. ಆ ಗಡಿಬಿಡಿಯಲ್ಲಿ ಮಗಳು ನಿಯಂತ್ರಕದಲ್ಲಿ ಏನನ್ನೋ ಬದಲಿಸಿದಳು. ಅಂದಿನಿಂದ ಹೊಸ ಎಂಜಿನ್ ಕೆಲವೊಮ್ಮೆ ಮಾತೇ ಕೇಳುವುದಿಲ್ಲ. ನಮ್ಮ ಊರಿನ ಕರೆಂಟಿಗೆ ಇಂಥ ಸಾಮಾನು ತಾಳುವುದಿಲ್ಲ, ಸ್ಟೆಬಿಲೈಸರ್ ಹಾಕಿ ಎಂದು ಒಬ್ಬರು ಹೇಳುತ್ತಾರೆ. ಶಕ್ತಿ ಸಾಲದು, ಎದುರು ಬದಿಗೆ ಹಳೆಯ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಕೊಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಕಂಪ್ಯೂಟರ್ ಇಲ್ಲದೆ ಡಿಜಿಟಲ್ ಸರಿಯಾಗದು ಎನ್ನುವವರೂ ಇದ್ದಾರೆ. ಮಂಡಕ್ಕಿ ಭಟ್ಟಿಗಳಿಗೆ ಹತ್ತಿರದಲ್ಲಿ ನಮ್ಮ ಮನೆಯಿದೆ, ಧೂಳು ಬಹಳ. ಇದನ್ನು ಮಾರಿ ಸಾಧಾರಣ ಸೆಟ್ ಕೊಳ್ಳುವುದೇ ಮೇಲೋ? ಮಗಳಂತೂ ನಮ್ಮ ದಾವಣಗೆರೆ ನಿಲ್ದಾಣವನ್ನೇ ಮಾಡೋಣ ಎನ್ನುತ್ತಾಳೆ.

ತಜ್ಞರ ಉತ್ತರ:

ಮೊದಲು ಒಂದು ಮಾತನ್ನು ಖಚಿತವಾಗಿ ಹೇಳಿಬಿಡುತ್ತೇನೆ: ಹಳೆಯ ಸೆಟ್ಟಿನ ಟ್ರಾನ್ಸ್‌ಫಾರ್ಮರನ್ನು ನಿಮ್ಮ ಹಳಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ. ನೀವು ಕೇಳಿದ ಸಲಹೆಗಳಲ್ಲಿ ನಿಜವಾಗಿ ಅಪಾಯಕಾರಿಯಾದದ್ದು ಇದೊಂದೇ. ಉಳಿದ ಪ್ರಶ್ನೆಗಳನ್ನು ನಿಧಾನವಾಗಿ ಬಿಡಿಸಿಕೊಳ್ಳಬಹುದು.

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಒಂದೇ ಕಾಯಿಲೆ ಎಂದುಕೊಂಡಿರುವುದು ವಾಸ್ತವದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆಗಳು. ಎದುರು ಬದಿಯಲ್ಲಿ ಎಂಜಿನ್ ತಡವರಿಸುವುದು ಒಂದು, ಹಳೆಯ ಎಂಜಿನ್ ಬಿಸಿಯಾದದ್ದು ಇನ್ನೊಂದು, ಹೊಸ ಎಂಜಿನ್ ಆಗಾಗ ಕಿವುಡಾಗುವುದು ಮತ್ತೊಂದು. ಮೂರೂ ಒಂದೇ ವಾರದಲ್ಲಿ ಕಾಣಿಸಿಕೊಂಡದ್ದರಿಂದ ಸೆಟ್ಟೇ ಕೆಟ್ಟಿತೆಂಬ ಭಾವನೆ ಬಂದಿದೆ. ಚಿತ್ರದುರ್ಗದ ನನ್ನ ದುರಸ್ತಿ ಮೇಜಿಗೆ ಬರುವ ಡಿಜಿಟಲ್ ಸೆಟ್ಟುಗಳಲ್ಲಿ ಡಿಜಿಟಲ್ ಭಾಗ ನಿಜವಾಗಿ ಕೆಟ್ಟಿರುವುದು ಅಪರೂಪ. ಚಕ್ರಕ್ಕೂ ಹಳಿಗೂ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಏನು ಸೇರಿಕೊಂಡಿದೆ ಎಂಬುದೇ ಹೆಚ್ಚಿನ ಸಲ ಮುಖ್ಯ ಪ್ರಶ್ನೆಯಾಗಿರುತ್ತದೆ.

ಇದು ಅರ್ಥವಾಗಬೇಕಾದರೆ ಹಳೆಯ ಪದ್ಧತಿಗೂ ಹೊಸದಕ್ಕೂ ಇರುವ ವ್ಯತ್ಯಾಸ ಸ್ವಲ್ಪ ತಿಳಿದಿರಬೇಕು. ಹಳೆಯ ಅನಲಾಗ್ ಸೆಟ್ಟಿನಲ್ಲಿ ಹಳಿಗೆ ಕೊಡುವ ವಿದ್ಯುತ್ತೇ ವೇಗ: ಗುಂಡಿ ತಿರುಗಿಸಿದರೆ ಸೊನ್ನೆಯಿಂದ ಸುಮಾರು 12 ವೋಲ್ಟ್‌ವರೆಗೆ ಏರುತ್ತದೆ, ಎಂಜಿನ್ ಅಷ್ಟರಮಟ್ಟಿಗೆ ಓಡುತ್ತದೆ, ತಂತಿ ಅದಲುಬದಲು ಮಾಡಿದರೆ ಹಿಂದಕ್ಕೆ ಚಲಿಸುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ರೈಲು ನಿಂತಿರಲಿ, ಓಡುತ್ತಿರಲಿ, ಹಳಿಯ ಮೇಲೆ ಸದಾ ಒಂದೇ ಪ್ರಮಾಣದ ವೋಲ್ಟೇಜ್ ಇರುತ್ತದೆ. ಎಚ್‌ಓ ಸೆಟ್ಟುಗಳಲ್ಲಿ ಇದು ಸಾಮಾನ್ಯವಾಗಿ 14ರಿಂದ 16 ವೋಲ್ಟ್. ಆ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುತ್ತಿರುತ್ತದೆ, ಮತ್ತು ಹಾಗೆ ಬದಲಿಸುವ ಲಯದಲ್ಲಿಯೇ ಸಂದೇಶ ಅಡಗಿರುತ್ತದೆ. ಪ್ರತಿ ಅರ್ಧ ಮಿಡಿತ 58 ಮೈಕ್ರೊಸೆಕೆಂಡ್ ಇದ್ದರೆ ಅದು ‘ಒಂದು’, 100 ಮೈಕ್ರೊಸೆಕೆಂಡ್ ಅಥವಾ ಅದಕ್ಕಿಂತ ದೀರ್ಘವಾಗಿದ್ದರೆ ‘ಸೊನ್ನೆ’. ಎಂಜಿನ್ನಿನೊಳಗಿರುವ ಡಿಕೋಡರ್ ಎಂಬ ಸಣ್ಣ ಹಲಗೆ ಈ ಒಂದು-ಸೊನ್ನೆಗಳನ್ನು ಓದಿ, ಇದು ತನ್ನ ಸಂಖ್ಯೆಗೆ ಬಂದ ಆಜ್ಞೆಯೇ ಎಂದು ನೋಡಿ, ಹೌದಾದರೆ ಮೋಟಾರಿಗೆ ಬೇಕಾದಷ್ಟು ಶಕ್ತಿಯನ್ನು ಅಳೆದು ಕೊಡುತ್ತದೆ. ಜರ್ಮನಿಯ ಲೆನ್ಜ್ ಸಂಸ್ಥೆ ರೂಪಿಸಿದ ಈ ವಿಧಾನವನ್ನು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಡಿಸಿಸಿ ಎಂಬ ಹೆಸರಿನಲ್ಲಿ ಮಾನಕವಾಗಿ ಸ್ವೀಕರಿಸಿತು. ಆದ್ದರಿಂದಲೇ ಇಂದು ಒಂದು ಕಂಪನಿಯ ನಿಯಂತ್ರಕದಿಂದ ಇನ್ನೊಂದು ಕಂಪನಿಯ ಎಂಜಿನ್ನನ್ನು ಓಡಿಸಲು ಸಾಧ್ಯವಾಗಿದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹಳಿಯ ಮೇಲೆ ಕೊಳೆಯಿದ್ದಾಗ ಅನಲಾಗ್ ಎಂಜಿನ್ ಒಂದು ಕ್ಷಣ ವಿದ್ಯುತ್ ಕಳೆದುಕೊಂಡರೂ ತನ್ನ ಓಟದ ರಭಸದಲ್ಲಿ ಮುಂದೆ ಜಾರಿ ಮತ್ತೆ ವಿದ್ಯುತ್ ಪಡೆಯುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಡಿಜಿಟಲ್ ಎಂಜಿನ್ನಿನಲ್ಲಿ ಅದೇ ಕ್ಷಣದಲ್ಲಿ ಡಿಕೋಡರ್ ಎಚ್ಚರ ತಪ್ಪಿ, ಮತ್ತೆ ಎದ್ದು, ಮುಂದಿನ ಆಜ್ಞೆ ಬರುವವರೆಗೆ ಕಾಯಬೇಕಾಗುತ್ತದೆ. ಡಿಜಿಟಲ್ ಸೆಟ್ ನಾಜೂಕು, ನಮ್ಮ ಊರಿಗೆ ಹೊಂದದು ಎಂಬ ಮಾತಿನ ಮೂಲ ಇಲ್ಲಿದೆ. ಸೆಟ್ ನಾಜೂಕಲ್ಲ, ಕೊಳೆಯನ್ನು ಅದು ಮುಚ್ಚಿಡುವುದಿಲ್ಲ, ಅಷ್ಟೆ.

ನಿಮ್ಮ ಮನೆಯಲ್ಲಿ ಕೊಳೆ ಎಲ್ಲಿಂದ ಬರುತ್ತಿದೆ ಎಂಬುದನ್ನು ನೀವೇ ಬರೆದಿದ್ದೀರಿ. ಮೊದಲನೆಯದು ಕಂಬಳಿ. ಚಳ್ಳಕೆರೆಯ ಕಂಬಳಿ ಕುರಿಯ ಉಣ್ಣೆಯದು, ಅದರ ಸಣ್ಣ ಎಳೆಗಳು ಸದಾ ಉದುರುತ್ತಿರುತ್ತವೆ. ಎಂಜಿನ್ನಿನ ತಳಭಾಗದಲ್ಲಿ ಹಲ್ಲಿನ ಚಕ್ರಗಳಿಗೆ ಹಚ್ಚಿದ ಎಣ್ಣೆ ಆ ಎಳೆಗಳನ್ನು ಹಿಡಿದುಕೊಳ್ಳುತ್ತದೆ, ಚಕ್ರ ತಿರುಗಿದಂತೆ ಅವು ಅಚ್ಚಿಗೆ ದಾರದಂತೆ ಸುತ್ತಿಕೊಳ್ಳುತ್ತವೆ. ಕಂಬಳಿಯ ಮೇಲೆ, ಜಮಖಾನೆಯ ಮೇಲೆ ಓಡಿಸಿದ ಎಂಜಿನ್ನುಗಳನ್ನು ಬಿಚ್ಚಿ ಚಿಮುಟದಿಂದ ಇಂಥ ಎಳೆಗಳನ್ನು ಎಳೆದು ತೆಗೆಯುವುದು ನನಗೆ ರೂಢಿಯ ಕೆಲಸವಾಗಿದೆ. ಒಮ್ಮೆ ಒಂದೇ ಅಚ್ಚಿನಿಂದ ಬಂದ ಎಳೆಗಳನ್ನು ಹೊಸೆದರೆ ದೀಪಕ್ಕೆ ಬತ್ತಿಯಾಗುವಷ್ಟಿದ್ದವು. ಎರಡನೆಯ ಕಾರಣವೂ ಕಂಬಳಿಯೇ, ಬೇರೆ ರೀತಿಯಲ್ಲಿ. ಮೆತ್ತನೆಯ ಹಾಸಿನ ಮೇಲೆ ರೈಲಿನ ಭಾರಕ್ಕೆ ಹಳಿಯ ತುಂಡುಗಳು ಸ್ವಲ್ಪ ಸ್ವಲ್ಪವೇ ಬಾಗುತ್ತವೆ, ತುಂಡುಗಳನ್ನು ಜೋಡಿಸುವ ಲೋಹದ ಕೀಲುಪಟ್ಟಿ ಸಡಿಲಾಗುತ್ತದೆ. ದಿನವೂ ಬಿಚ್ಚಿ ಜೋಡಿಸುವುದರಿಂದ ಇನ್ನಷ್ಟು ಸಡಿಲವಾಗುತ್ತದೆ. ನಿಮ್ಮ ನಿಯಂತ್ರಕದಿಂದ ಹೊರಟ ವಿದ್ಯುತ್ತು ಎದುರು ಬದಿಯನ್ನು ತಲುಪುವಷ್ಟರಲ್ಲಿ ಇಂಥ ಐದಾರು ಕೀಲುಗಳನ್ನು ದಾಟಬೇಕು. ತಡವರಿಕೆ ಅಲ್ಲಿಯೇ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಮೂರನೆಯದು ಭಟ್ಟಿಯ ಹೊಗೆ. ಹೊಟ್ಟು ಉರಿದ ಹೊಗೆಯಲ್ಲಿ ಬರುವ ಕರಿ ಬರಿಯ ಧೂಳಲ್ಲ, ಅದರಲ್ಲಿ ಜಿಡ್ಡೂ ಇರುತ್ತದೆ. ಅದು ಹಳಿಯ ಮೇಲೆ ಕೂತಾಗ ಚಕ್ರ ಅದನ್ನು ಅರೆದು ತೆಳ್ಳನೆಯ ಪೊರೆ ಮಾಡುತ್ತದೆ. ಚಕ್ರ ಹಳಿಯನ್ನು ಬಿಟ್ಟು ಹಿಡಿಯುವ ಜಾಗಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಗಳು ಹಾರಿ, ಆ ಪೊರೆಯನ್ನು ಸುಟ್ಟು ಕಪ್ಪಾಗಿಸಿ ಅಂಟಿಸಿಬಿಡುತ್ತವೆ. ಬಿಳಿಯ ಬಟ್ಟೆಯ ತುಂಡಿನಿಂದ ಹಳಿಯ ತಲೆಯನ್ನು ಒರೆಸಿ ನೋಡಿ, ಕಾಡಿಗೆಯಂತೆ ಕಪ್ಪು ಗೆರೆ ಬಂದರೆ ನಾನು ಹೇಳುತ್ತಿರುವುದು ಅದನ್ನೇ.

ಶುಚಿಗೊಳಿಸುವ ವಿಧಾನದಲ್ಲಿ ನಮ್ಮ ಕಡೆ ಬಹಳ ತಪ್ಪುಗಳಾಗುತ್ತವೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮರಳು ಕಾಗದದಿಂದ ಉಜ್ಜಬೇಡಿ. ಹೊಳಪು ಬರುವುದು ನಿಜ, ಆದರೆ ಅದು ಮಾಡಿದ ಗೀರುಗಳಲ್ಲಿ ಕೊಳೆ ಮೊದಲಿಗಿಂತ ಬೇಗ ಕೂರುತ್ತದೆ. ಸೀಮೆಎಣ್ಣೆ ಹಾಕಬೇಡಿ, ಅದರ ಪಸೆ ಉಳಿಯುತ್ತದೆ. ಕೈ ತೊಳೆಯುವ ಸ್ಯಾನಿಟೈಸರ್ ಆಗದು, ಚರ್ಮ ಒಡೆಯದಿರಲೆಂದು ಅದರಲ್ಲಿ ಸೇರಿಸಿದ ಗ್ಲಿಸರಿನ್ ಹಳಿಯ ಮೇಲೆ ಜಿಗುಟಾಗಿ ನಿಲ್ಲುತ್ತದೆ. ಔಷಧದ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಕೇಳಿ ತನ್ನಿ, ಎಳೆ ಬಿಡದ ಹತ್ತಿ ಬಟ್ಟೆಗೆ ಸ್ವಲ್ಪ ಹಾಕಿ, ಕಿಟಕಿ ತೆರೆದಿಟ್ಟು, ಸೆಟ್ಟಿನ ಪ್ಲಗ್ ಕಿತ್ತು, ಹಳಿಯ ತಲೆಯನ್ನೂ ಒಳ ಅಂಚನ್ನೂ ಒರೆಸಿ. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಈ ಕೆಲಸ ನಿಮ್ಮ ಕೈಯಲ್ಲೇ ಇರಲಿ, ಮಗಳ ಕೈಗೆ ಬೇಡ. ಎಂಜಿನ್ನಿನ ಚಕ್ರಗಳನ್ನು ಒರೆಸುವಾಗ ಒಂದೆರಡು ಚಕ್ರಗಳಿಗೆ ಹಿಡಿತಕ್ಕಾಗಿ ತೊಡಿಸಿದ ರಬ್ಬರ್ ಉಂಗುರ ಕಾಣುತ್ತದೆ. ಅದಕ್ಕೆ ಆಲ್ಕೊಹಾಲ್ ತಾಗಿಸಬೇಡಿ, ಅದು ಒಣಗಿ ಬಿರಿಯುತ್ತದೆ. ಎಣ್ಣೆ ಬೇಕಾದದ್ದು ಅಚ್ಚಿನ ತುದಿಗಳಿಗೆ ಮಾತ್ರ, ಅದೂ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಎಣ್ಣೆ. ಕೊಬ್ಬರಿ ಎಣ್ಣೆಯನ್ನು ಬಿಟ್ಟ ಎಂಜಿನ್ನುಗಳನ್ನು ನಾನು ನೋಡಿದ್ದೇನೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಪುಷ್ಯದ ಚಳಿಯ ಬೆಳಗಿನಲ್ಲಿ ಆ ಎಂಜಿನ್ ಏಳುವುದೇ ಇಲ್ಲ.

ನಿಮ್ಮ ಹಳಿಯ ಲೋಹದ ಬಗ್ಗೆ ಚಿಂತೆ ಬೇಡ. ಯುರೋಪಿನ ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹವಿರುತ್ತದೆ. ಹೆಸರಿನಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿಯಿಲ್ಲ, ತಾಮ್ರ, ನಿಕ್ಕಲ್ ಮತ್ತು ಸತು ಇರುತ್ತವೆ. ಹಿತ್ತಾಳೆ ಹಳಿಯಂತೆ ಅದು ಬೇಗ ಮಂಕಾಗಿ ವಿದ್ಯುತ್ತನ್ನು ತಡೆಯುವುದಿಲ್ಲ.

ಒರೆಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಎಂಜಿನ್, ಬೋಗಿ ಎಲ್ಲವನ್ನೂ ಹಳಿಯಿಂದ ತೆಗೆದಿಟ್ಟು, ನಿಯಂತ್ರಕವನ್ನು ಚಾಲೂ ಮಾಡಿ, ಐದು ರೂಪಾಯಿಯ ನಾಣ್ಯವನ್ನು ಎರಡೂ ಹಳಿಗಳಿಗೆ ಒಂದು ಕ್ಷಣ ತಾಗಿಸಿ ತೆಗೆಯಿರಿ. ಎಚ್‌ಓ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ನಾಣ್ಯ ಅದಕ್ಕಿಂತ ಅಗಲ. ಅಷ್ಟು ಕಡಿಮೆ ವೋಲ್ಟೇಜಿನಿಂದ ಕೈಗೆ ಏನೂ ಆಗದು. ತಾಗಿಸಿದ ಕೂಡಲೇ ನಿಯಂತ್ರಕ ಶಾರ್ಟ್ ಸರ್ಕ್ಯೂಟ್ ಎಂದು ಗುರುತಿಸಿ ತಾನಾಗಿ ಹಳಿಯ ವಿದ್ಯುತ್ ಕಡಿಯಬೇಕು. ಅಂಡಾಕಾರದ ಸುತ್ತ ನಾಲ್ಕೈದು ಕಡೆ ಹೀಗೆ ನೋಡಿ. ತಂತಿಯ ಬಳಿ ತಕ್ಷಣ ಕಡಿದು, ಎದುರು ಬದಿಯಲ್ಲಿ ಕಡಿಯದೆ ಸುಮ್ಮನಿದ್ದರೆ, ನಡುವಿನ ಕೀಲುಗಳು ವಿದ್ಯುತ್ತಿಗೆ ತಡೆಯೊಡ್ಡಿ ಬಿಸಿಯಾಗುತ್ತಿವೆ ಎಂದು ಅರ್ಥ. ಇದನ್ನು ಲಘುವಾಗಿ ಎಣಿಸಬಾರದು. 15 ವೋಲ್ಟಿನಲ್ಲಿ 3 ಆಂಪಿಯರ್ ಹರಿದರೆ 45 ವ್ಯಾಟ್; ನಾನು ದಿನವೂ ತವರ ಕರಗಿಸುವ ಬೆಸುಗೆ ಕಡ್ಡಿ 25 ವ್ಯಾಟಿನದು. ಬೋಗಿಯೊಂದು ಹಳಿ ತಪ್ಪಿ ಅಡ್ಡಬಿದ್ದಾಗ ನಿಯಂತ್ರಕ ವಿದ್ಯುತ್ ಕಡಿಯದಿದ್ದರೆ ಆ ಶಾಖದ ಒಂದು ಭಾಗವಾದರೂ ಪ್ಲಾಸ್ಟಿಕ್ ಬೋಗಿಯ ಸಣ್ಣ ಚಕ್ರದಲ್ಲಿ ಹುಟ್ಟುತ್ತದೆ. ಹಾಗೆ ಕರಗಿದ ಬೋಗಿ ನನ್ನ ಕಪಾಟಿನಲ್ಲಿ ಒಂದಿದೆ, ಕಲಿಯಲು ಬರುವ ಹುಡುಗರಿಗೆ ತೋರಿಸುತ್ತೇನೆ. (ಮಾರ್ಕ್ಲಿನ್ ಕಂಪನಿಯ ಎಚ್‌ಓ ಸೆಟ್ಟುಗಳಲ್ಲಿ ನಡುವೆ ಮೂರನೆಯ ಸಂಪರ್ಕವಿದ್ದು ಎರಡು ಹಳಿಗಳೂ ಒಂದೇ ತಂತಿಗೆ ಸೇರಿರುತ್ತವೆ, ಅವುಗಳಲ್ಲಿ ಈ ಪರೀಕ್ಷೆಯಿಂದ ಏನೂ ತಿಳಿಯದು. ನಿಮ್ಮದು ಎರಡು ಹಳಿಯ ಪದ್ಧತಿಯಾದ್ದರಿಂದ ತೊಂದರೆಯಿಲ್ಲ.)

ಇದಕ್ಕೆ ಪರಿಹಾರ ಸುಲಭ: ನಿಯಂತ್ರಕದ ಹಳಿ ತಂತಿಯಿಂದಲೇ ಇನ್ನೊಂದು ಜೊತೆ ತಂತಿಯನ್ನು ಎದುರು ಬದಿಗೆ ಒಯ್ಯುವುದು. ಮುಕ್ಕಾಲು ಅಥವಾ ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಒಳಗಿನ ಹಳಿಯಿಂದ ಒಳಗಿನ ಹಳಿಗೆ, ಹೊರಗಿನದರಿಂದ ಹೊರಗಿನದಕ್ಕೆ ಹೋಗಬೇಕು; ಅದಲುಬದಲಾದರೆ ಆ ಕ್ಷಣವೇ ಶಾರ್ಟ್. ಆದ್ದರಿಂದ ಒಂದು ತಂತಿ ಕೆಂಪು, ಒಂದು ಕಪ್ಪು ಇರಲಿ. ಹಾಗೆಂದು ಗೆಳೆಯರ ಹಳೆಯ ಸೆಟ್ಟಿನಲ್ಲಿ ಬಂದ ತಂತಿ ಜೋಡಿಸುವ ಹಳಿಯ ತುಂಡನ್ನು ಇದಕ್ಕೆ ಬಳಸಬೇಡಿ. ಅನಲಾಗ್ ಸೆಟ್ಟುಗಳ ಆ ತುಂಡಿನೊಳಗೆ ರೇಡಿಯೋ ಅಡಚಣೆ ತಡೆಯಲು ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗ ಹಾಕಿರುವುದುಂಟು, ಅದು ಡಿಸಿಸಿಯ ಮಿಡಿತಗಳ ಅಂಚನ್ನು ಸವೆಸಿ ಸಂದೇಶವನ್ನು ಕೆಡಿಸುತ್ತದೆ. ಕಣ್ಣಿಗೆ ಏನೂ ಕಾಣದಿರುವುದರಿಂದ ಈ ದೋಷ ಹುಡುಕುವುದು ಬಹಳ ಕಷ್ಟ.

ಮಲ್ಟಿಮೀಟರ್ ಹಿಡಿದು ಹಳಿಯ ವೋಲ್ಟೇಜ್ ನೋಡಲು ನೀವು ಹೋಗಬಹುದು. ಮನೆಯಲ್ಲಿರುವ ಸಾಧಾರಣ ಮೀಟರ್ 50 ಹರ್ಟ್ಜ್‌ನ ನಯವಾದ ಅಲೆಗೆ ಹೊಂದಿಸಿದ್ದು. ಚೌಕಾಕಾರದ, ಅಷ್ಟು ವೇಗದ ಅಲೆಯನ್ನು ಅದು ಸರಿಯಾಗಿ ಅಳೆಯಲಾರದು. ಬಂದ ಅಂಕಿಯನ್ನು ನಂಬಿ ಸೆಟ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಹತ್ತಿರದ ಬದಿಗೂ ಎದುರು ಬದಿಗೂ ಇರುವ ವ್ಯತ್ಯಾಸ ನೋಡುವುದಕ್ಕೆ ಮಾತ್ರ ಅದನ್ನು ಬಳಸಿ.

ಈಗ ಬಿಸಿಯಾದ ಎಂಜಿನ್ನಿನ ವಿಷಯ. ಅದರೊಳಗೆ ಡಿಕೋಡರ್ ಇಲ್ಲ, ಮೋಟಾರ್ ನೇರವಾಗಿ ಚಕ್ರಕ್ಕೆ ಸೇರಿದೆ. ಸೆಕೆಂಡಿಗೆ ಸಾವಿರಾರು ಬಾರಿ ಮುಂದೆ ಹೋಗು, ಹಿಂದೆ ಹೋಗು ಎಂದರೆ ಮೋಟಾರ್ ಎತ್ತಲೂ ಹೋಗದೆ ನಿಂತಲ್ಲೇ ಕಂಪಿಸುತ್ತದೆ, ಒಳಗೆ ಹರಿದ ಶಕ್ತಿಯೆಲ್ಲ ಶಾಖವಾಗುತ್ತದೆ. ನೀವು ಕೇಳಿದ ಗುಂಯ್‌ಗುಡುವಿಕೆ ಅದೇ. ಸೊನ್ನೆ ಸಂಖ್ಯೆಯಲ್ಲಿ ಇಂಥ ಎಂಜಿನ್ನನ್ನು ಓಡಿಸುವ ಸೌಕರ್ಯ ಕೆಲವು ನಿಯಂತ್ರಕಗಳಲ್ಲಿದೆ, ಆದರೂ ನಿಂತಾಗ ಅದು ಬಿಸಿಯಾಗುವುದು ತಪ್ಪದು, ಆದ್ದರಿಂದ ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ಬೇಗ ತೆಗೆದಿದ್ದರೆ ಮೋಟಾರ್ ಉಳಿದಿರುತ್ತದೆ. ಅದನ್ನು ಡಿಜಿಟಲ್ ಮಾಡಿಸಬಹುದೇ ಎಂದು ತಿಳಿಯಲು ಮೇಲಿನ ಹೊದಿಕೆ ತೆಗೆದು ನೋಡಬೇಕು. ಎಂಟು ತೂತುಗಳ ಅಥವಾ ಅದಕ್ಕಿಂತ ಹೊಸ ಮಾದರಿಯ ಡಿಕೋಡರ್ ಸಾಕೆಟ್ ಇದ್ದರೆ ಹತ್ತು ನಿಮಿಷದ ಕೆಲಸ; ಧ್ವನಿಯಿಲ್ಲದ ಸಾಧಾರಣ ಡಿಕೋಡರ್ ಯುರೋಪಿನಲ್ಲಿ 25ರಿಂದ 40 ಯೂರೋಗೆ ಸಿಗುತ್ತದೆ, ಧ್ವನಿಯಿರುವುದು 100 ಯೂರೋ ದಾಟುತ್ತದೆ. ಸಾಕೆಟ್ ಇಲ್ಲದಿದ್ದರೆ ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಎರಡೂ ಬ್ರಷ್‌ಗಳನ್ನು ಎಂಜಿನ್ನಿನ ಲೋಹದ ದೇಹದಿಂದ ಪೂರ್ತಿ ಬೇರ್ಪಡಿಸಿ ತಂತಿ ಎಳೆಯಬೇಕು. ಒಂದು ಬ್ರಷ್ ಎಲ್ಲಿಯಾದರೂ ದೇಹಕ್ಕೆ ತಾಗಿ ಉಳಿದರೆ ಹೊಸ ಡಿಕೋಡರ್ ಹಳಿಗೆ ಇಟ್ಟ ಕೂಡಲೇ ಸುಡುತ್ತದೆ, ಅದಕ್ಕೆ ಎರಡನೆಯ ಅವಕಾಶವಿರುವುದಿಲ್ಲ. ಮೊದಲ ವರ್ಷದಲ್ಲಿರುವವರು ಇದಕ್ಕೆ ಕೈಹಾಕದಿರುವುದು ಒಳ್ಳೆಯದು. ಆ ಎಂಜಿನ್ನನ್ನು ಸದ್ಯಕ್ಕೆ ಗಾಜಿನ ಕಪಾಟಿನಲ್ಲಿ ಇಡಿ.

ಹೊಸ ಎಂಜಿನ್ ಮಾತು ಕೇಳದಿರುವುದಕ್ಕೆ ಎರಡು ಕಾರಣಗಳಲ್ಲಿ ಒಂದಿರಬಹುದು. ಕಾರ್ಖಾನೆಯಿಂದ ಬರುವಾಗ ಪ್ರತಿ ಡಿಸಿಸಿ ಎಂಜಿನ್ನಿನ ಸಂಖ್ಯೆ ಸಾಮಾನ್ಯವಾಗಿ 3 ಆಗಿರುತ್ತದೆ. ನಿಮ್ಮ ಮಗಳು ತಿಳಿಯದೆ ಅದನ್ನು ಬದಲಿಸಿರಬಹುದು. ಅಥವಾ ನಿಯಂತ್ರಕದಲ್ಲಿ ಆರಿಸಿದ ಸಂಖ್ಯೆಯಷ್ಟೇ ಬದಲಾಗಿದ್ದು, ಎಂಜಿನ್ ಮೂರರಲ್ಲೇ ಕಾಯುತ್ತಿರಬಹುದು. ಮೊದಲು 3 ಎಂದು ಆರಿಸಿ ದೀಪದ ಗುಂಡಿ ಒತ್ತಿ ನೋಡಿ. ದೀಪ ಹತ್ತದಿದ್ದರೆ ಹಳಿಯ ಮೇಲೆ ಅದೊಂದೇ ಎಂಜಿನ್ ಇರುವಂತೆ ನೋಡಿಕೊಂಡು, ಹೊಂದಿಕೆಯ ವಿಭಾಗಕ್ಕೆ ಹೋಗಿ ಸಿವಿ 1ಕ್ಕೆ 3 ಎಂದು ಬರೆಯಿರಿ. ಸಿವಿ ಎಂದರೆ ಡಿಕೋಡರ್ ತನ್ನ ನೆನಪಿನಲ್ಲಿಟ್ಟುಕೊಳ್ಳುವ ಸಂಖ್ಯೆಗಳ ಖಾನೆ; ಒಂದನೆಯ ಖಾನೆಯಲ್ಲಿ ಅದರ ಸಂಖ್ಯೆ, ಮೂರನೆಯದರಲ್ಲಿ ವೇಗ ಏರುವ ನಿಧಾನ, ನಾಲ್ಕನೆಯದರಲ್ಲಿ ಇಳಿಯುವ ನಿಧಾನ, ಐದನೆಯದರಲ್ಲಿ ಗರಿಷ್ಠ ವೇಗ ಇರುತ್ತವೆ. ಎಲ್ಲ ಗೊಂದಲವಾಗಿದ್ದರೆ ಬಹಳಷ್ಟು ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಎಂದು ಬರೆದರೆ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಕೆಲವು ಕಂಪನಿಗಳ ವಿಧಾನ ಬೇರೆಯಿರುವುದರಿಂದ ಸೆಟ್ಟಿನ ಕೈಪಿಡಿ ನೋಡಿಯೇ ಮಾಡಿ. ಅದೊಂದೇ ಎಂಜಿನ್ ಇರಬೇಕೆಂದು ಒತ್ತಿ ಹೇಳಲು ಕಾರಣವಿದೆ. ಈ ರೀತಿಯ ಬರವಣಿಗೆಯಲ್ಲಿ ನಿಯಂತ್ರಕ ಯಾರ ಹೆಸರನ್ನೂ ಹೇಳಿ ಕರೆಯುವುದಿಲ್ಲ, ಹಳಿಯ ಮೇಲಿರುವ ಎಲ್ಲರಿಗೂ ಒಟ್ಟಿಗೆ ಹೇಳುತ್ತದೆ. ಮುಂದೆ ಎರಡನೆಯ ಡಿಜಿಟಲ್ ಎಂಜಿನ್ ಬಂದಾಗ ಇದನ್ನು ಮರೆತರೆ ಎರಡೂ ಒಂದೇ ಸಂಖ್ಯೆ ಪಡೆದು ಜೊತೆಯಾಗಿ ಓಡುತ್ತವೆ. ಇಷ್ಟೆಲ್ಲಕ್ಕೂ ಕಂಪ್ಯೂಟರ್ ಬೇಕಿಲ್ಲ, ಕೈಯಲ್ಲಿರುವ ನಿಯಂತ್ರಕವೇ ಸಾಕು. ದೊಡ್ಡ ವಿನ್ಯಾಸದಲ್ಲಿ ಹತ್ತಾರು ರೈಲುಗಳನ್ನು ತಾನಾಗಿ ಓಡಿಸಬೇಕೆನ್ನುವವರಿಗೆ ಕಂಪ್ಯೂಟರ್ ಉಪಯೋಗಕ್ಕೆ ಬರುತ್ತದೆ.

ಟ್ರಾನ್ಸ್‌ಫಾರ್ಮರಿನ ಸಲಹೆಗೆ ಬರುತ್ತೇನೆ. ಎದುರು ಬದಿಗೆ ಶಕ್ತಿ ಸಾಲದೆಂಬ ಊಹೆಯೇ ಸರಿಯಲ್ಲ. ಎಚ್‌ಓ ಎಂಜಿನ್ ಸಾಮಾನ್ಯವಾಗಿ ಅರ್ಧ ಆಂಪಿಯರಿಗಿಂತ ಕಡಿಮೆ ತೆಗೆದುಕೊಳ್ಳುತ್ತದೆ, ನಿಮ್ಮ ನಿಯಂತ್ರಕ ಅದರ ಹಲವು ಪಟ್ಟು ಕೊಡಬಲ್ಲದು. ಶಕ್ತಿ ಇದೆ, ದಾರಿ ಮುಚ್ಚಿದೆ. ಅನಲಾಗ್ ಟ್ರಾನ್ಸ್‌ಫಾರ್ಮರನ್ನು ಡಿಜಿಟಲ್ ಹಳಿಗೆ ಜೋಡಿಸಿದರೆ ಎರಡು ಮೂಲಗಳು ಒಂದನ್ನೊಂದು ತಳ್ಳುತ್ತವೆ, ಸೋಲುವುದು ನಿಯಂತ್ರಕದ ಒಳಗಿನ ಟ್ರಾನ್ಸಿಸ್ಟರುಗಳು. ಈ ಹವ್ಯಾಸಕ್ಕೆ ಬಂದ ಹೊಸತರಲ್ಲಿ ನಾನು ಹಳಿಯ ಒಂದು ಭಾಗವನ್ನು ಪ್ಲಾಸ್ಟಿಕ್ ಕೀಲಿನಿಂದ ಬೇರ್ಪಡಿಸಿ ಅದಕ್ಕೆ ಅನಲಾಗ್ ಕೊಟ್ಟಿದ್ದೆ. ಬೇರ್ಪಟ್ಟಿದೆಯಲ್ಲ, ಏನಾಗದು ಎಂದುಕೊಂಡಿದ್ದೆ. ಎಂಜಿನ್ ಆ ಸಂದಿಯನ್ನು ದಾಟುವಾಗ ಮುಂದಿನ ಚಕ್ರ ಒಂದು ಕಡೆ, ಹಿಂದಿನ ಚಕ್ರ ಇನ್ನೊಂದು ಕಡೆ ನಿಂತು ಎರಡನ್ನೂ ಬೆಸೆಯಿತು. ನಿಯಂತ್ರಕದಿಂದ ಸುಟ್ಟ ವಾಸನೆ ಬಂತು, ಮತ್ತೆ ಅದು ಕೆಲಸ ಮಾಡಲಿಲ್ಲ. ಅಷ್ಟು ಹಣ ಕೂಡಿಸಲು ಆಗ ನನಗೆ ಎಂಟು ತಿಂಗಳು ಹಿಡಿದಿತ್ತು.

ಊರಿನ ಕರೆಂಟಿನ ಬಗ್ಗೆ ಇರುವ ಭಯದಲ್ಲಿ ಅರ್ಧ ಸತ್ಯವಿದೆ. ನಿಮ್ಮ ಅಡಾಪ್ಟರಿನ ಮೇಲೆ 100–240 ವೋಲ್ಟ್, 50/60 ಹರ್ಟ್ಜ್ ಎಂದು ಬರೆದಿದ್ದರೆ ವೋಲ್ಟೇಜ್ ಇಳಿದರೂ ಏರಿದರೂ ಅದು ತಾನೇ ಸರಿದೂಗಿಸಿಕೊಳ್ಳುತ್ತದೆ, ಸ್ಟೆಬಿಲೈಸರ್ ಬೇಡ. ಜರ್ಮನಿಯಲ್ಲಿಯೂ ನಮ್ಮಂತೆ 230 ವೋಲ್ಟ್, 50 ಹರ್ಟ್ಜ್ ಇರುವುದರಿಂದ ಅಲ್ಲಿನ ಸೆಟ್ ಇಲ್ಲಿ ಹೊಂದುತ್ತದೆ. ಅಮೆರಿಕದಿಂದ ತಂದದ್ದಾದರೆ 120 ವೋಲ್ಟಿಗಷ್ಟೇ ಮಾಡಿದ ಅಡಾಪ್ಟರ್ ಇರಬಹುದು, ಅದನ್ನು ನಮ್ಮ ಸಾಕೆಟ್ಟಿಗೆ ಹಾಕಿದರೆ ಸುಟ್ಟುಹೋಗುತ್ತದೆ. ಅಪಾಯವಿರುವುದು ಕರೆಂಟ್ ಹೋಗಿ ಮರಳುವ ಕ್ಷಣದ ಏರಿಳಿತದಲ್ಲಿ ಮತ್ತು ಮುಂಗಾರಿನ ಸಿಡಿಲಿನಲ್ಲಿ. ಎರಡಕ್ಕೂ ಒಂದೇ ಉಪಾಯ, ಆಟ ಮುಗಿದ ಕೂಡಲೇ ಪ್ಲಗ್ ಕೀಳುವುದು. ಮನೆಯಲ್ಲಿ ಚೌಕ ಅಲೆಯ ಹಳೆಯ ಇನ್ವರ್ಟರ್ ಇದ್ದರೆ ಇಂಥ ಅಡಾಪ್ಟರ್ ಸಾಮಾನ್ಯವಾಗಿ ನಡೆಯುತ್ತದೆ, ಆದರೆ ಕಬ್ಬಿಣದ ಗರ್ಭವಿರುವ ಭಾರದ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಇನ್ನೊಂದು ಸಣ್ಣ ವಿಷಯವನ್ನು ಯಾರೂ ಹೇಳುವುದಿಲ್ಲ: ಯುರೋಪಿನ ಚಪ್ಪಟೆ ಪ್ಲಗ್ಗಿನ ಎರಡು ದುಂಡು ಪಿನ್ 4 ಮಿಲಿಮೀಟರ್ ದಪ್ಪ, ನಮ್ಮ 5 ಆಂಪಿಯರ್ ಸಾಕೆಟ್ಟಿನ ಪಿನ್ 5 ಮಿಲಿಮೀಟರ್. ಸಡಿಲವಾಗಿ ಕೂತು ಕಿಡಿ ಹಾರುತ್ತದೆ. ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡುವುದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಬಗೆಯ ಪಿನ್ ಬಿಗಿಯಾಗಿ ಹಿಡಿಯುವ ಸಾಕೆಟ್ ಪಟ್ಟಿ ಬಳಸಿ.

ಮಾರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದು. ಒಂದೇ ರೈಲು ಸುತ್ತಿದರೆ ಸಾಕು ಎನ್ನುವವರಿಗೆ ಅನಲಾಗ್ ಅಗ್ಗವೂ ಸರಳವೂ ಹೌದು, ನೀವು ಈಗ ಕೊಳ್ಳಲು ಹೊರಟಿದ್ದರೆ ಅದನ್ನು ಯೋಚಿಸಿ ಎನ್ನುತ್ತಿದ್ದೆ. ಆದರೆ ಸೆಟ್ ಕೈಯಲ್ಲಿದೆ, ಮತ್ತು ಹಳಿಯ ಕೊಳೆ, ಕೀಲಿನ ಸಡಿಲು, ಉಣ್ಣೆಯ ಎಳೆ ಈ ಮೂರೂ ಅನಲಾಗ್ ಸೆಟ್ಟಿಗೂ ಬರುತ್ತವೆ. ವಿದೇಶದಿಂದ ಮತ್ತೆ ತರಿಸುವುದೂ ಮೊದಲಿನಷ್ಟು ಸುಲಭವಿಲ್ಲ. ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು, ಅನಂತರವೂ ದರಗಳ ಪರಿಷ್ಕರಣೆ ನಡೆದಿದೆ. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು ಕಡ್ಡಾಯವಾಗಿದೆ. ಅಂಚೆಯಲ್ಲಿ ಬರುವ ಪೊಟ್ಟಣವನ್ನು ಆಟಿಕೆ ಎಂದು ಪರಿಗಣಿಸಿದರೆ ಅದು ಸುಂಕದ ಕಚೇರಿಯಲ್ಲಿ ನಿಲ್ಲಬಹುದು. ತರಿಸುವ ಮುನ್ನ ಅಂದಿನ ದರವನ್ನು ವಿಚಾರಿಸಿಕೊಳ್ಳಿ.

ನನ್ನ ಸಲಹೆ ಹೀಗಿದೆ. ಇನ್ನೊಂದು ಎಂಜಿನ್, ಇನ್ನಷ್ಟು ಹಳಿ ಎಂದು ಹೋಗುವ ಮೊದಲು ಒಂದು ಹಲಗೆಗೆ ಹಣ ಹಾಕಿ. ಮಂಡಿಪೇಟೆಯ ಸುತ್ತಮುತ್ತ ಕೇಳಿದರೆ 8 ಅಡಿಗೆ 4 ಅಡಿಯ ಪ್ಲೈವುಡ್ ಸಿಗುತ್ತದೆ. 12 ಮಿಲಿಮೀಟರ್ ದಪ್ಪದ್ದನ್ನು ತೆಗೆದುಕೊಂಡು 6 ಅಡಿಗೆ 4 ಅಡಿಯಾಗಿ ಕತ್ತರಿಸಿ, ಕೆಳಗೆ ಮರದ ಚೌಕಟ್ಟು ಹೊಡೆಸಿ. ಸೆಟ್ಟುಗಳಲ್ಲಿ ಬರುವ ವಕ್ರ ಹಳಿಯ ತ್ರಿಜ್ಯ ಸಾಮಾನ್ಯವಾಗಿ ಸುಮಾರು 36 ಅಥವಾ 42 ಸೆಂಟಿಮೀಟರ್ ಇರುತ್ತದೆ. ದೊಡ್ಡದಾದರೂ ಸುಮಾರು 90 ಸೆಂಟಿಮೀಟರ್ ಅಗಲ ಸಾಕು, ನಾಲ್ಕು ಅಡಿಯಲ್ಲಿ ಅಂಚಿಗೆ ಜಾಗ ಉಳಿಯುತ್ತದೆ. ಸದ್ದು ತಗ್ಗಿಸಲು ಕಂಬಳಿಯ ಬದಲು ತೆಳು ಕಾರ್ಕ್ ಅಥವಾ ಫೋಮ್ ಹಾಳೆ ಹಾಸಿ. ಬಳಸದಾಗ ಹಳೆಯ ಹತ್ತಿ ಸೀರೆಯ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ, ಭಟ್ಟಿಯ ಕರಿ ತಡೆಯುತ್ತದೆ, ಎಳೆಯೂ ಉದುರುವುದಿಲ್ಲ. ಹಳಿ ಒಮ್ಮೆ ಅಲ್ಲಿ ಕೂತ ಮೇಲೆ ಕೀಲುಗಳು ಸಡಿಲಾಗುವುದೂ ನಿಲ್ಲುತ್ತದೆ.

ಪತ್ರದ ಕೊನೆಯಲ್ಲಿ ಮಗಳು ನಮ್ಮ ದಾವಣಗೆರೆ ನಿಲ್ದಾಣವನ್ನೇ ಮಾಡೋಣ ಎನ್ನುತ್ತಾಳೆ ಎಂದು ಬರೆದಿದ್ದೀರಿ. ಅವಳಿಗೆ ಲೆಕ್ಕವನ್ನು ಮುಚ್ಚಿಡದೆ ಹೇಳಿ, ಅವಳೇ ಮಾಡಿ ನೋಡಲಿ. ಎಚ್‌ಓ ಎಂದರೆ 87ರಲ್ಲಿ ಒಂದು ಪಾಲು. ನಮ್ಮ ಬ್ರಾಡ್‌ಗೇಜ್ ಹಳಿ 1676 ಮಿಲಿಮೀಟರ್, ಭಾಗಿಸಿದರೆ 19.3 ಬರುತ್ತದೆ, ಆದರೆ ಸೆಟ್ಟಿನ ಹಳಿ 16.5. ಅದು ಯುರೋಪಿನ 1435 ಮಿಲಿಮೀಟರ್ ಹಳಿಗೆ ಸರಿಯಾದ ಅಳತೆ. ಭಾರತದ ಎಂಜಿನ್ನುಗಳ ಮಾದರಿಗಳನ್ನೂ ಸಾಮಾನ್ಯವಾಗಿ 16.5ರ ಹಳಿಗೇ ಹೊಂದಿಸಿ ಮಾಡುತ್ತಾರೆ, ಅಷ್ಟು ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ. ಉದ್ದವನ್ನು ಮಾತ್ರ ಕ್ಷಮಿಸದು: 23.5 ಮೀಟರಿನ, ಈಗಿನ ರೈಲುಗಳಲ್ಲಿ ಕಾಣುವ ಎಲ್‌ಎಚ್‌ಬಿ ಬೋಗಿ ಮಾದರಿಯಲ್ಲಿ 27 ಸೆಂಟಿಮೀಟರ್ ಆಗುತ್ತದೆ, 36ರ ತ್ರಿಜ್ಯದ ತಿರುವಿನಲ್ಲಿ ಅದರ ನಡುಭಾಗ ಒಳಕ್ಕೆ ಚಾಚಿಕೊಳ್ಳುತ್ತದೆ. ಅಂಥ ಬೋಗಿ ಕೊಳ್ಳುವುದಾದರೆ 42ರ ತಿರುವಾದರೂ ಇರಲಿ, ಅದರಲ್ಲಿಯೂ ಓಡುತ್ತದೆಯೇ ಎಂದು ಮಾರುವವರನ್ನು ಕೇಳಿಯೇ ಕೊಳ್ಳಿ. 24 ಬೋಗಿಯ ಪೂರ್ತಿ ರೈಲು ಆರು ಮೀಟರ್ ದಾಟುತ್ತದೆ, ನಿಮ್ಮ ಪಡಸಾಲೆಗೆ ನಾಲ್ಕು ಬೋಗಿ ಸಾಕು.

ಹಲಗೆ ಸಿದ್ಧವಾಗಿ, ನಾಣ್ಯದ ಪರೀಕ್ಷೆಯಲ್ಲಿ ಎಲ್ಲ ಕಡೆ ವಿದ್ಯುತ್ ಕಡಿಯುತ್ತ, ಮೂರು ತಿಂಗಳು ರೈಲು ತಡವರಿಸದೆ ಓಡಿದ ಮೇಲೆ, ಒಂದು ಕವಲು ಹಳಿ ಕೊಳ್ಳಿ. ಅಂಡಾಕಾರದ ಒಂದು ಬದಿ ದಾವಣಗೆರೆ, ಎದುರು ಬದಿ ಚಿಕ್ಕಜಾಜೂರು ಎಂದು ಹೆಸರಿಡಿ, ಚಿಕ್ಕಜಾಜೂರಿನಿಂದ ಕವಲು ಒಡೆದು ಚಿತ್ರದುರ್ಗದ ಕಡೆಗೆ ಒಂದು ಹಳಿ ಹೋಗಲಿ. ನಿಜವಾದ ಹಳಿ ಅಲ್ಲಿಂದ ರಾಯದುರ್ಗ, ಬಳ್ಳಾರಿಯ ಕಡೆ ಮುಂದುವರಿಯುತ್ತದೆ. ನಿಮ್ಮದು ಚಿತ್ರದುರ್ಗದಲ್ಲಿ ತಡೆಗಂಬಕ್ಕೆ ಮುಗಿಯಲಿ. ಚೆನ್ನಾಗಿ ಕಾಣುತ್ತದೆಂದು ಆ ಕವಲನ್ನು ಸುತ್ತಿಸಿ, ರೈಲಿನ ಮುಖ ತಿರುಗುವಂತೆ ಮತ್ತೆ ಅಂಡಾಕಾರಕ್ಕೆ ಸೇರಿಸಬೇಡಿ. ಹಾಗೆ ಮಾಡಿದರೆ ಎಡ ಹಳಿ ಬಲ ಹಳಿಯನ್ನು ಕೂಡುತ್ತದೆ, ನಿಯಂತ್ರಕ ಶಾರ್ಟ್ ಎಂದು ನಿಲ್ಲುತ್ತದೆ. ಅದನ್ನು ಸರಿಪಡಿಸುವ ಪ್ರತ್ಯೇಕ ಸಾಧನವಿದೆ, ಆದರೆ ಈ ವರ್ಷ ಅದರ ಅಗತ್ಯ ನಿಮಗೆ ಬಾರದು.